ಸರ್ ಪಾಳಿಯ ಕಿಲೋಮೀಟರ್

ಪ್ರತಿ ಭಾನುವಾರ ಬೆಳಿಗ್ಗೆ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಸೈಕಲ್ ಮೇಲೆ ಹೋಗಿಬರುವ ನಾವು ನಾಲ್ಕು ಜನ ಇದ್ದೆವು. ಒಬ್ಬರು ತೀರಿಕೊಂಡರು. ಅದಾದ ಮೇಲೂ ಒಂದು ವರ್ಷ ನಾಲ್ಕು ತಿಂಗಳು ನಾವು ನಾಲ್ಕು ಪಾಳಿಯಲ್ಲೇ ಸೈಕಲ್ ಹೊಡೆದೆವು.

ಪಾಳಿ ಎಂದರೇನು ಎಂದು ಸೈಕಲ್ ಹೊಡೆಯದವರಿಗೆ ಹೇಳಬೇಕು. ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋಗುವಾಗ ಮುಂದಿರುವವರು ಗಾಳಿಯನ್ನು ಸೀಳಿಕೊಂಡು ಹೋಗುತ್ತಾರೆ. ಅವರ ಹಿಂದಿನ ಗಾಲಿಗೆ ಒಂದು ಮೊಳ ಬಿಟ್ಟು ಬರುವವರಿಗೆ ಅದೇ ವೇಗ ಎಷ್ಟೋ ಹಗುರ. ಆದ್ದರಿಂದ ಮುಂದಿರುವ ಕೆಲಸವನ್ನು ಹಂಚಿಕೊಳ್ಳಬೇಕು. ನಮ್ಮಲ್ಲಿ ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲಿನವರೆಗೆ ಒಬ್ಬರ ಪಾಳಿ. ಕಲ್ಲು ಬಂದ ಕೂಡಲೆ ಅವರು ಪಕ್ಕಕ್ಕೆ ಸರಿದು, ಪೆಡಲ್ ಹಗುರ ಮಾಡಿ, ಸಾಲಿನ ಕೊನೆಗೆ ಸೇರಿಕೊಳ್ಳುತ್ತಾರೆ. ಎರಡನೆಯವರು ಮುಂದಾಗುತ್ತಾರೆ.

ಈ ಕ್ರಮವನ್ನು ಹಾಕಿಕೊಟ್ಟವರು ಸರ್. ಒಂಬತ್ತನೆಯ ತರಗತಿಯಲ್ಲಿ ನನಗೆ ಗಣಿತ ಕಲಿಸಿದವರು. ಓದು ಮುಗಿದು ಹುಮನಾಬಾದಿನ ಕೈಗಾರಿಕಾ ಪ್ರದೇಶದ ಒಂದು ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ನಾನು ಕೆಲಸಕ್ಕೆ ಸೇರಿದ ವರ್ಷ, ಒಂದು ಹಳೆಯ ಗೇರ್ ಸೈಕಲ್ ಕೊಂಡು ಒಬ್ಬಳೇ ಹೈವೇಯಲ್ಲಿ ಹೋಗುತ್ತಿರುವುದನ್ನು ನೋಡಿ ತಮ್ಮ ಗುಂಪಿಗೆ ಸೇರಿಸಿಕೊಂಡರು. ಗುಂಪು ಎಂದರೆ ಅವರು, ಅವರ ತಮ್ಮ, ಮತ್ತು ಧಾನ್ಯದ ಅಡತಿ ಅಂಗಡಿ ಇಟ್ಟುಕೊಂಡಿರುವ ಒಬ್ಬ ಹಿರಿಯರು. ಹಿರಿಯರನ್ನು ನಾನು ಕಾಕಾ ಎನ್ನುತ್ತೇನೆ, ತಮ್ಮನನ್ನು ದಾದಾ ಎನ್ನುತ್ತೇನೆ. ದಾದಾ ಇನ್ನೊಂದು ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಾರೆ. ಅಣ್ಣತಮ್ಮಂದಿರ ಊರು ಹೈವೇ ಬದಿಯ ಹುಡಗಿ ಎಂಬ ಹಳ್ಳಿ, ಹೊಲ ಈಗಲೂ ಅಲ್ಲೇ ಇದೆ.

ಪಾಳಿಯ ಕ್ರಮ ಹೀಗಿತ್ತು: ಮೊದಲು ಕಾಕಾ, ಆಮೇಲೆ ನಾನು, ಆಮೇಲೆ ಸರ್, ಕೊನೆಗೆ ದಾದಾ. ದಾದಾ ಸದಾ ಸರ್ ಹಿಂದೆ ಇರಬೇಕು ಎಂಬುದಕ್ಕೆ ಕಾರಣವಿತ್ತು. ಅವರ ಕಾಲಿನಲ್ಲಿ ಬಲವಿತ್ತು, ತಾಳ್ಮೆ ಇರಲಿಲ್ಲ. ಮುಂದೆ ಬಿಟ್ಟರೆ ಇಪ್ಪತ್ತೆಂಟಕ್ಕೆ ಹಾರುತ್ತಿದ್ದರು, ಸ್ವಲ್ಪ ಹೊತ್ತಿಗೆ ಇಪ್ಪತ್ತೆರಡಕ್ಕೆ ಇಳಿಯುತ್ತಿದ್ದರು. ಸರ್ ಹಾಗಲ್ಲ. ಅವರ ಪಾಳಿ ಎಂದರೆ ಗಂಟೆಗೆ ಇಪ್ಪತ್ನಾಲ್ಕು ಕಿಲೋಮೀಟರ್. ಮೀಟರಿನ ಅಂಕಿ ಒಂದು ಮೇಲೆ ಹೋಗುತ್ತಿರಲಿಲ್ಲ, ಒಂದು ಕೆಳಗೆ ಬರುತ್ತಿರಲಿಲ್ಲ.

ನಾನು ಗುಂಪಿಗೆ ಬಂದ ಮೊದಲ ಭಾನುವಾರ, ಬಸವಕಲ್ಯಾಣದ ಬಸ್ ಸ್ಟ್ಯಾಂಡಿನ ಎದುರು ಪೋಹೆ, ಅಂದರೆ ಒಗ್ಗರಣೆ ಅವಲಕ್ಕಿ, ತಿನ್ನುತ್ತ ಕೂತಿದ್ದಾಗ ಸರ್ ಕೇಳಿದರು.

"ಹೋಗೂದು ಮೂವತ್ತರಾಗ, ಬರೂದು ಇಪ್ಪತ್ತರಾಗ. ಸರಾಸರಿ ಎಷ್ಟಾತು?"

"ಇಪ್ಪತ್ತೈದ್ರಿ ಸರ್."

"ಇಪ್ಪತ್ನಾಲ್ಕು. ಸಾವಕಾಶ ಹೋದಾಗ ದಾರ್ಯಾಗ ಹೆಚ್ಚಿಗಿ ಹೊತ್ತ ಇರ್ತೀವಿ. ಒಂಬತ್ತನೇತ್ಯಾಗ ಹೇಳಿದ್ದೆ, ಮರತಿ."

"ಮಾಸ್ತರ, ಪೋಹೆ ಮುಂದರ ಪರೀಕ್ಷಾ ಬ್ಯಾಡ್ರಿ," ಎಂದರು ಕಾಕಾ.

"ನಮ್ಮಂಥವರಿಗೆ ಎಷ್ಟ ಬರಬೇಕ್ರಿ ಸರ್?" ಎಂದು ನಾನು ಕೇಳಿದೆ.

ಹೊಸಬರಿಗೆ ಹದಿನೆಂಟು ಬಂದರೆ ಸಾಕು, ಒಂದೆರಡು ವರ್ಷ ಬಿಡದೆ ಹೊಡೆದವರಿಗೆ ಇಪ್ಪತ್ತೆರಡು ಬಂದರೆ ಸಂತೋಷ ಎಂದು ಸರ್ ಹೇಳಿದರು. ಮೊಬೈಲಿನಲ್ಲಿ ಎಲ್ಲರೂ ಮೂವತ್ತರ ಮೇಲೆ ಹಾಕುತ್ತಾರಲ್ಲ ಎಂದೆ.

"ಅದು ಹೆಣ್ಣ ನೋಡಾಕ ಬಂದಾಗ ಹೇಳೂ ಪಗಾರ ಇದ್ದಂಗ ಬೇಟಾ," ಎಂದರು ಕಾಕಾ. "ಲಗ್ನಾದ ಮ್ಯಾಲೆ ಗೊತ್ತಾಗ್ತದ."

ಅಂದಿನಿಂದ ಪ್ರತಿ ಭಾನುವಾರದ ದಿನಚರಿಯಲ್ಲಿ ದೂರ, ಹಿಡಿದ ಹೊತ್ತು, ಗಾಳಿ ಯಾವ ದಿಕ್ಕಿನದು, ಸರಾಸರಿ ಎಷ್ಟು ಎಂದು ಬರೆದಿಡುವುದು ನನಗೆ ರೂಢಿಯಾಯಿತು. ಮಳೆಗಾಲದಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ, ಬಸವಕಲ್ಯಾಣಕ್ಕೆ ಹೋಗುವಾಗ ಎದೆಗೆ ಹೊಡೆಯುತ್ತದೆ. ಚಳಿಗಾಲದಲ್ಲಿ ತಿರುಗಿ ಬರುವಾಗ ಎದುರಾಗುತ್ತದೆ. ವರ್ಷವಿಡೀ ನೋಡಿದರೆ ನಮ್ಮ ಸರಾಸರಿ ಇಪ್ಪತ್ತೊಂದರಿಂದ ಇಪ್ಪತ್ತಮೂರರ ನಡುವೆ ಇರುತ್ತಿತ್ತು.

ಶ್ರಾವಣದಲ್ಲಿ ಒಂದು ರಾತ್ರಿ ಸರ್ ಮಲಗಿದವರು ಏಳಲಿಲ್ಲ. ವಯಸ್ಸು ನಲವತ್ತನಾಲ್ಕು. ಹೃದಯದ ಗೋಡೆ ದಪ್ಪಗಿತ್ತಂತೆ, ಯಾರಿಗೂ ಗೊತ್ತಿರಲಿಲ್ಲ. ಇದು ಮನೆತನದಲ್ಲಿ ಬರುವಂಥದ್ದು, ಉಳಿದವರೂ ತೋರಿಸಿಕೊಳ್ಳಲಿ ಎಂದು ಡಾಕ್ಟರು ಹೇಳಿದರು. ದಾದಾ ತೋರಿಸಿಕೊಂಡರು. ಅವರದೂ ಹಾಗೇ ಇತ್ತು. ಮಾತ್ರೆ ಕೊಟ್ಟರು. ಓಡಬಾರದು, ಭಾರ ಎತ್ತಬಾರದು, ಪಂದ್ಯಕ್ಕೆ ಇಳಿಯಬಾರದು. ಸೈಕಲ್ ಹೊಡೆಯಬಹುದು, ಆದರೆ ಮಾತಾಡಿಕೊಂಡು ಹೋಗುವಷ್ಟು ಹಗುರ. ನಾಡಿ ಏರಿದರೆ ಅಲ್ಲೇ ನಿಲ್ಲಿಸಬೇಕು. ನಾಡಿಯ ಅಂಕಿ ಮೀಟರಿನಲ್ಲಿ ಕಾಣಲೆಂದು ಎದೆಗೊಂದು ಪಟ್ಟಿ ಕಟ್ಟಿಕೊಳ್ಳತೊಡಗಿದರು.

ದಾದಾನ ಹೆಂಡತಿ, ವೈನಿ, ನನ್ನನ್ನು ಅಡುಗೆಮನೆಗೆ ಕರೆದು ರೊಟ್ಟಿ ಬಡಿಯುತ್ತಲೇ ಹೇಳಿದರು. "ನೀ ಎಲ್ಲಾ ಬರದಿಡತಿ ಅಂತ ಅವರಂತಾರ. ಈ ಮನಿಯಾಗ ಒಬ್ರು ನಿದ್ದ್ಯಾಗ ಹೋದ್ರು. ಇನ್ನೊಬ್ರು ಸೈಕಲ್ ಮ್ಯಾಲೆ ಹೋಗೂದು ಬ್ಯಾಡ. ಜೋರ ಹೊಂಟ್ರ ತಡಿ. ನನ್ನ ಮಾತ ಅವರು ಕೇಳಾಂಗಿಲ್ಲ."

ತಡೆಯುತ್ತೇನೆ ಎಂದೆ.

ಸರ್ ತೀರಿ ಒಂದು ತಿಂಗಳಾದ ಮೇಲೆ ನಾವು ಮತ್ತೆ ಹೊರಟೆವು. ಊರು ದಾಟಿ ಕಾಕಾನ ಪಾಳಿ ಮುಗಿಯಿತು, ನನ್ನದು ಮುಗಿಯಿತು. ಕಲ್ಲು ಬಂದಾಗ ನಾನು ಪಕ್ಕಕ್ಕೆ ಸರಿದು ಹಿಂದಕ್ಕೆ ಬಂದೆ. ದಾದಾ ಮುಂದಾಗಬೇಕಿತ್ತು. ಅವರು ತಲೆ ತಗ್ಗಿಸಿ, ತಮ್ಮ ಮುಂಗಾಲಿಯ ಎದುರು ಒಂದು ಸೈಕಲಿನಷ್ಟು ದೂರದ ಖಾಲಿ ರಸ್ತೆಯನ್ನು ನೋಡುತ್ತ, ಹಿಂದೆ ಬರುವವರ ಹಾಗೆಯೇ ಬರುತ್ತಿದ್ದರು.

"ಏ, ಕಲ್ಲ ಬಂತು. ಮುಂದ ತಗೋ," ಎಂದರು ಕಾಕಾ.

"ಅಣ್ಣನ ಪಾಳಿ ಐತಿ," ಎಂದರು ದಾದಾ.

ಕಾಕಾ ನನ್ನ ಕಡೆ ತಿರುಗಿ ನೋಡಿದರು. ಮುಂದಿನ ಕಲ್ಲು ಬಂದಾಗ ದಾದಾ ಯಾರಿಗೋ ದಾರಿ ಬಿಡುವಂತೆ ಸ್ವಲ್ಪ ಎಡಕ್ಕೆ ಜರುಗಿದರು, ಆಮೇಲೆ ತಲೆಯೆತ್ತಿ ತಮ್ಮ ಪಾಳಿಯನ್ನು ಶುರುಮಾಡಿದರು. ಇಷ್ಟೇ. ಹೀಗೆ ಮಾಡೋಣ ಎಂದು ಯಾರೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ದುಃಖದಲ್ಲಿರುವ ಮನುಷ್ಯನಿಗೆ ಒಂದು ಕಿಲೋಮೀಟರ್ ಕೊಟ್ಟರೆ ನಮ್ಮದೇನು ಹೋಗುತ್ತದೆ ಎಂದುಕೊಂಡೆವು.

ಕ್ರಮದ ಪ್ರಕಾರ ಸರ್ ಜಾಗ ನನ್ನ ಹಿಂದೆ. ಸಾಲು ಹೇಗೆ ತಿರುಗಿದರೂ ನನ್ನ ಮತ್ತು ದಾದಾನ ನಡುವೆ ಒಂದು ಸೈಕಲಿನಷ್ಟು ಖಾಲಿ ಜಾಗ ಉಳಿಯುತ್ತಿತ್ತು. ದಾದಾ ಮುಂದಿದ್ದಾಗ ನಾನೇ ಸಾಲಿನ ಕೊನೆ, ನನ್ನ ಹಿಂದೆ ಆ ಜಾಗ. ನಾನು ಹಿಂದೆ ತಿರುಗಿ ನೋಡುತ್ತಿರಲಿಲ್ಲ. ಬೆಳಿಗ್ಗೆ ಪಡುವಣಕ್ಕೆ ಹೋಗುವಾಗ ಸೂರ್ಯ ಬೆನ್ನಿಗಿರುತ್ತಾನೆ, ನೆರಳುಗಳು ಉದ್ದವಾಗಿ ಮುಂದೆ ಓಡುತ್ತಿರುತ್ತವೆ. ಅವನ್ನೂ ನಾನು ಎಣಿಸುತ್ತಿರಲಿಲ್ಲ. ಎಲ್ಲವನ್ನೂ ಎಣಿಸುವ ನಾನು ಇದೊಂದನ್ನು ಬಿಟ್ಟಿದ್ದೆ. ಪೆಡಲ್ ನಿಲ್ಲಿಸಿದಾಗ ಹಿಂಗಾಲಿ ಟಿಕ್ ಟಿಕ್ ಎನ್ನುತ್ತದೆ. ನಾನು ಪೆಡಲ್ ತುಳಿಯುತ್ತಿರುವಾಗಲೂ ಕೆಲವೊಮ್ಮೆ ಆ ಸದ್ದು ಹಿಂದಿನಿಂದ ಕೇಳಿದಂತಾಗುತ್ತಿತ್ತು. ಹೈವೇಯಲ್ಲಿ ಎಷ್ಟೋ ಸದ್ದುಗಳಿರುತ್ತವೆ.

ಎಣಿಸದೆ ಇರಲಾಗದ್ದು ವೇಗ. ಕಾಕಾನ ಪಾಳಿ ಏರಿನಲ್ಲಿ ಹದಿನೇಳಕ್ಕೆ ಬೀಳುತ್ತಿತ್ತು. ನನ್ನದು ಗಾಳಿಯಿದ್ದ ಹಾಗೆ. ದಾದಾ ತಮ್ಮ ಪಾಳಿಯಲ್ಲಿ ಮಾತ್ರೆ ಶುರುವಾದ ಮೇಲೂ ಮೊದಲಿನಂತೆಯೇ ಏರಿ ಇಳಿಯುತ್ತಿದ್ದರು. ಸರ್ ಪಾಳಿಯಲ್ಲಿ ಮಾತ್ರ ಇಪ್ಪತ್ನಾಲ್ಕು. ಆಷಾಢದ ಗಾಳಿ ಎದೆಗೆ ಹೊಡೆಯುವಾಗಲೂ ಇಪ್ಪತ್ನಾಲ್ಕು. ಬೆನ್ನಿಗೆ ಗಾಳಿಯಿದ್ದು, ಹಾಗೇ ಬಿಟ್ಟರೂ ಸೈಕಲ್ ಮೂವತ್ತಕ್ಕೆ ಹೋಗುವಂತಿದ್ದಾಗಲೂ ಇಪ್ಪತ್ನಾಲ್ಕು. ಓಡಿಸುತ್ತಿದ್ದವರು ಜೀವಮಾನದಲ್ಲಿ ಒಂದು ವೇಗಕ್ಕೆ ಅಂಟಿಕೊಂಡು ಹೋಗದ ಅದೇ ದಾದಾ. ಆ ಒಂದು ಕಿಲೋಮೀಟರಿನಲ್ಲಿ ಕಾಕಾ ಜೋಕು ಹೇಳುತ್ತಿರಲಿಲ್ಲ.

ಮರುವರ್ಷದ ದೀಪಾವಳಿ ಕಳೆದ ಮೊದಲ ಭಾನುವಾರ ದಾದಾಗೆ ಡ್ಯೂಟಿ ಬಿತ್ತು. ಕಾಕಾ ಮತ್ತು ನಾನು ಇಬ್ಬರೇ ಹೊರಟೆವು. ನನ್ನ ಪಾಳಿ ಮುಗಿದಾಗ ಕಾಕಾಗೆ ಮುಂದಾಗಿ ಎಂದೆ.

"ಈಗ ಮಾಸ್ತರಂದಲ್ಲ?" ಎಂದರು.

"ದಾದಾ ಇಲ್ಲಲ್ಲರಿ ಇವತ್ತ."

"ಇರದಿದ್ರೂ ಅವರ ಪಾಳಿ ಅವರದೇ. ಅವರ ಬೆನ್ನ ಹತ್ತಿ ನಾ ಹೋಗಾಂಗಿಲ್ಲ ಬೇಟಾ. ನನಗ ಹೆಂಡ್ರು ಮಕ್ಕಳ ಅದಾರ."

ನಗುತ್ತಲೇ ಹೇಳಿದರು, ಆದರೆ ಮುಂದೆ ಬರಲಿಲ್ಲ. ಹಾಗಾಗಿ ಪ್ರತಿ ಸುತ್ತಿನಲ್ಲೂ ನನ್ನ ಕಿಲೋಮೀಟರ್ ಆದ ಮೇಲೆ ಸರ್ ಕಿಲೋಮೀಟರನ್ನೂ ನಾನೇ ಎಳೆದೆ. ಬಸವಕಲ್ಯಾಣ ಮುಟ್ಟುವಷ್ಟರಲ್ಲಿ ತೊಡೆಗಳು ನಡುಗುತ್ತಿದ್ದವು. ಪೋಹೆಯ ತಟ್ಟೆ ಹಿಡಿದು ಕೂತಾಗ ಹೊಳೆಯಿತು. ದಾದಾ ಪ್ರತಿ ಭಾನುವಾರ ಮಾಡುತ್ತಿರುವುದು ಇದನ್ನೇ. ನಾಲ್ಕು ಪಾಳಿಯಲ್ಲಿ ಎರಡರ ಗಾಳಿಯನ್ನು ಅವರ ಎದೆ ತಳ್ಳುತ್ತಿದೆ. ಉಳಿದ ಎರಡರಲ್ಲಿ ನನ್ನ ಹಿಂದೆ ಒಂದು ಸೈಕಲಿನಷ್ಟು ಜಾಗ ಬಿಟ್ಟು ಬರುವುದರಿಂದ ಅಲ್ಲೂ ಅವರಿಗೆ ಮರೆ ಸಿಗುತ್ತಿಲ್ಲ. ಮೂವರೂ ಒಟ್ಟಿಗೇ ಹೊರಟು ಒಟ್ಟಿಗೇ ಮುಟ್ಟುತ್ತೇವೆ, ಮೂವರ ಸರಾಸರಿಯೂ ಒಂದೇ. ಆ ಸರಾಸರಿ ಇಪ್ಪತ್ತೆರಡು ದಾಟುತ್ತಿಲ್ಲವೆಂದು ನಾವೂ ವೈನಿಯೂ ನಿಶ್ಚಿಂತೆಯಿಂದ ಇದ್ದೆವು. ಕೆಟ್ಟ ಹೃದಯದ ಮನುಷ್ಯನೇ ಎಲ್ಲರಿಗಿಂತ ಹೆಚ್ಚು ದುಡಿಯುತ್ತಿದ್ದ.

ಮರುದಿನ ಕೈಗಾರಿಕಾ ಪ್ರದೇಶದ ಗೇಟಿನ ಹೊರಗೆ ಚಹಾ ಅಂಗಡಿಯಲ್ಲಿ ದಾದಾಗೆ ಇದನ್ನು ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ಆಮೇಲೆ ಮೊಬೈಲ್ ತೆಗೆದು ಹಿಂದಿನ ವಾರಗಳ ನಾಡಿಯ ಗೆರೆಯನ್ನು ತೋರಿಸಿದರು. ಬೆಟ್ಟದ ಸಾಲಿನ ಹಾಗೆ ಏರಿ ಇಳಿಯುವ ಗೆರೆ. ನಾಲ್ಕು ಕಿಲೋಮೀಟರಿಗೊಮ್ಮೆ ಅದು ಹಳ್ಳದ ಹಾಗೆ ಕೆಳಗೆ ಇಳಿದಿತ್ತು.

"ಇದು ಯಾರ ಪಾಳಿ ಹೇಳು."

ನಾನು ಕಲ್ಲುಗಳ ಲೆಕ್ಕ ಹಾಕಿದೆ. "ಸರ್ ಅವರದು."

"ಅಣ್ಣ ಮುಂದ ಇದ್ದಾಗ ನನಗ ಹಗುರ ಆಗ್ತದ. ನೀ ಗಾಳಿ ಲೆಕ್ಕ ಹೇಳಾಕತ್ತಿ. ಗಾಳಿ ನನಗ ಹತ್ತೂದೇ ಇಲ್ಲ ತಂಗಿ."

"ಪಟ್ಟಿ ತಪ್ಪ ತೋರಿಸ್ತಿರಬೇಕ್ರಿ."

"ನಾಕ ಕಿಲೋಮೀಟರಿಗೊಮ್ಮೆ ಪಾಳಿ ಹಚ್ಚಿ ತಪ್ಪ ತೋರಿಸ್ತದೇನು?"

ಲ್ಯಾಬಿನಲ್ಲಿ ಎರಡು ಉಪಕರಣ ಎರಡು ಅಂಕಿ ತೋರಿಸಿದರೆ ಮೂರನೆಯದರಲ್ಲಿ ಅಳೆಯುತ್ತೇವೆ. ಇಲ್ಲಿ ಮೂರನೆಯದು ಇರಲಿಲ್ಲ. ಆ ಪಾಳಿಯನ್ನು ಬಿಟ್ಟುಬಿಡೋಣ ದಾದಾ ಎಂದೆ. ಅವರು ಗ್ಲಾಸು ಕೆಳಗಿಟ್ಟರು.

"ಅದನ್ನ ಬಿಟ್ರ ನಾ ಸೈಕಲ್ಲೇ ಬಿಟ್ಟಂಗ. ಮನ್ಯಾಗ ಅವನ ಕೂಡ ಮಾತಾಡಾಕ ಆಗಾಂಗಿಲ್ಲ, ಫೋಟೋ ಐತಿ, ಅಳು ಬರ್ತದ. ಅಲ್ಲಿ ಬೆನ್ನರ ಕಾಣ್ತದ."

ಕಾಣುತ್ತದೆ ಎಂದೇ ಹೇಳಿದರು. ಕಂಡಂತೆ ಆಗುತ್ತದೆ ಎನ್ನಲಿಲ್ಲ.

ಡಿಸೆಂಬರ್ ಕೊನೆಯ ಒಂದು ಭಾನುವಾರ ಮಂಜು ಬಿತ್ತು. ನಮ್ಮ ಕಡೆ ವರ್ಷಕ್ಕೆ ಬೆರಳೆಣಿಕೆಯ ದಿನ ಹಾಗೆ ಬೀಳುತ್ತದೆ. ಕಪ್ಪು ನೆಲದ ಮೇಲೆ, ಕೊಯ್ದ ತೊಗರಿಯ ರಾಶಿಗಳ ಮೇಲೆ ಬಿಳಿಯಾಗಿ ಕೂತುಬಿಡುತ್ತದೆ. ಧಾಬಾಗಳ ಮುಂದೆ ನಿಲ್ಲಿಸಿದ್ದ ಲಾರಿಗಳು ಹತ್ತಿರ ಹೋಗುವವರೆಗೆ ಕಾಣುತ್ತಿರಲಿಲ್ಲ. ತಿರುಗಿ ಹೋಗೋಣವೆಂದು ಕಾಕಾ ಅಂದರು. ಹೊತ್ತೇರಿದರೆ ಹರಿಯುತ್ತದೆ, ಸಾವಕಾಶ ಹೋಗೋಣವೆಂದು ದಾದಾ ಅಂದರು. ಹಿಂದಿನ ಕೆಂಪು ದೀಪಗಳನ್ನು ಹಚ್ಚಿಕೊಂಡು, ರಸ್ತೆಯ ಬಿಳಿ ಪಟ್ಟಿಯ ಎಡಕ್ಕೆ ಅಂಟಿಕೊಂಡು ಹೊರಟೆವು.

ಹುಡಗಿಯ ಕಡೆ ತಿರುಗುವ ದಾರಿ ದಾಟಿದ ಮೇಲೆ ನನ್ನ ಪಾಳಿ ಮುಗಿಯಿತು. ಪಕ್ಕಕ್ಕೆ ಸರಿದು ಹಿಂದಕ್ಕೆ ಬಂದೆ. ಸರ್ ಪಾಳಿ ಶುರುವಾಯಿತು. ಇಪ್ಪತ್ನಾಲ್ಕು. ಎರಡೂವರೆ ನಿಮಿಷಕ್ಕೆ ಆ ಕಿಲೋಮೀಟರ್ ಮುಗಿಯಬೇಕು. ಮುಗಿಯಿತು ಎಂದು ನನ್ನ ಮೀಟರ್ ಹೇಳಿತು. ದಾದಾ ತಲೆಯೆತ್ತಲಿಲ್ಲ. ಕಲ್ಲಿಗಾಗಿ ಎಡಕ್ಕೆ ನೋಡಿದೆ. ಮಂಜಿನಲ್ಲಿ ರಸ್ತೆಯ ಅಂಚೇ ಕಾಣುತ್ತಿರಲಿಲ್ಲ, ಕಲ್ಲೆಲ್ಲಿ ಕಾಣಬೇಕು. ಕಲ್ಲು ಕಾಣದ ಮೇಲೆ ಪಾಳಿ ಮುಗಿಯುವುದಾದರೂ ಹೇಗೆ.

"ದಾದಾ, ಕಲ್ಲ ದಾಟಿತ್ರಿ," ಎಂದು ಕೂಗಿದೆ.

ಮೀಟರ್ ಇಪ್ಪತ್ತಾರು ತೋರಿಸಿತು. ಒಂದು ವರ್ಷ ನಾಲ್ಕು ತಿಂಗಳಲ್ಲಿ ಆ ಪಾಳಿ ಇಪ್ಪತ್ನಾಲ್ಕನ್ನು ದಾಟಿದ್ದು ಅದೇ ಮೊದಲು. ಆಮೇಲೆ ಇಪ್ಪತ್ತೆಂಟು. ನನ್ನ ಮುಂದಿದ್ದ ಕಾಕಾ ಹಿಂದೆ ಬಿದ್ದು ಸಾಲು ಕಡಿಯಿತು. ಅವರನ್ನು ದಾಟುವಾಗ ಅವರ ಏದುಸಿರು ಕೇಳಿತು.

"ನನ್ನ ಕೈಲಿಂದ ಆಗಾಂಗಿಲ್ಲ. ನೀ ಹೋಗು ಬೇಟಾ. ಅಂವನ್ನ ಹಿಡಿ."

ದಾದಾನ ಕೆಂಪು ದೀಪ ಚುಕ್ಕೆಯಾಯಿತು, ಆಮೇಲೆ ಅದೂ ಇಲ್ಲ. ಬಿಳಿಯ ಒಳಗೆ ಒಬ್ಬಳೇ ಪೆಡಲ್ ತುಳಿಯುತ್ತಿದ್ದೆ. ಎಷ್ಟು ಜೋರಾಗಿ ಹೋಗುತ್ತಿದ್ದೇನೆ ಎಂದು ತಿಳಿಯಲು ಸುತ್ತ ಏನೂ ಇರಲಿಲ್ಲ. ಒಂದೇ ಜಾಗದಲ್ಲಿ ನಿಂತು ಕಾಲು ಆಡಿಸುತ್ತಿರುವಂತೆ ಅನಿಸುತ್ತಿತ್ತು. ಕುರಿಯ ವಾಸನೆ ಬಂತು. ರಸ್ತೆಯ ಪಕ್ಕಕ್ಕೆ ಮಂದೆಯನ್ನು ಒತ್ತರಿಸಿಕೊಂಡು, ಕಂಬಳಿ ಹೊದ್ದ ಒಬ್ಬ ಕುರಿಗಾರ ನಿಂತಿದ್ದ. ವೇಗ ತಗ್ಗಿಸಿ ಕೇಳಿದೆ.

"ಯಪ್ಪಾ, ಸೈಕಲ್ ಮ್ಯಾಲೆ ಒಬ್ರು ಹೋದ್ರೇನ್ರಿ?"

"ಒಬ್ರಲ್ಲ ಯವ್ವಾ," ಎಂದ ಅವನು. "ಮಾತಾಡಕೋತ ಹೋದ್ರು."

ಆ ಮಾತನ್ನು ಯೋಚಿಸುವ ಹೊತ್ತಲ್ಲ ಅದು. ಎದ್ದು ನಿಂತು ತುಳಿದೆ. ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂದು. ಬಾಯಿ ಒಣಗಿ ರಕ್ತದ ರುಚಿ ಬಂತು. ಕೊನೆಗೆ ಕೆಂಪು ದೀಪ ಕಂಡಿತು. ದೀಪಕ್ಕಿಂತ ಮೊದಲು ದನಿ ಕೇಳಿತು.

"...ಅವ್ವನ ಕಣ್ಣ ಆಪರೇಷನ್ ಮಾಡ್ಸೂದೈತಿ. ಸಂಕ್ರಾಂತಿ ಆಗಲಿ ಅಂತಾಳ. ನೀನರ ಒಂದ ಮಾತ ಹೇಳು." ಯಾರದೋ ಉತ್ತರ ಕೇಳುವಷ್ಟು ಬಿಡುವು. ಆಮೇಲೆ ನಗು. "ಹೌದ ಬಿಡು, ನಿನ್ನ ಮಾತರ ಯಾವಾಗ ಕೇಳ್ಯಾಳ. ಹುಡಗಿ ಹೊಲದ ತೊಗರಿ ಈ ಸಲ ಚಲೋ ಬಂದೈತಿ ಅಣ್ಣಾ. ನೋಡಾಕ ಬರಬೇಕಿತ್ತು ನೀ."

ಮೂವತ್ತೊಂದರ ವೇಗದಲ್ಲಿ ಒಂದು ಶಬ್ದ ಹೊರಡಿಸಲೂ ನನ್ನಿಂದ ಆಗುತ್ತಿರಲಿಲ್ಲ. ಅವರು ಕಟ್ಟೆಯ ಮೇಲೆ ಕೂತವರ ಹಾಗೆ ಮಾತಾಡುತ್ತಿದ್ದರು. ಪಕ್ಕಕ್ಕೆ ಹೋಗಿ ಅವರ ಮೀಟರ್ ನೋಡಿದೆ. ನಾಡಿ ಎಂಬತ್ತೆಂಟು. ನಾನು ಚಹಾ ಕುಡಿಯುತ್ತ ಕೂತಾಗಲೂ ನನ್ನದು ಅಷ್ಟಿರುತ್ತದೆ. ಒಂದು ಕ್ಷಣ ನನಗೆ ಏನೂ ಮಾಡುವುದು ಬೇಡ ಎನಿಸಿತು. ಈ ಮನುಷ್ಯ ಸುಖವಾಗಿದ್ದಾನೆ, ಹಗುರವಾಗಿದ್ದಾನೆ, ನಡುವೆ ಹೋಗಲು ನಾನು ಯಾರು. ಆಮೇಲೆ ಮುಖ ನೋಡಿದೆ. ತುಟಿಗಳು ಬೂದಿಯ ಬಣ್ಣಕ್ಕೆ ತಿರುಗಿದ್ದವು. ಅವರು ನನ್ನ ಕಡೆ ನೋಡಲಿಲ್ಲ. ಮುಂಗಾಲಿಯಿಂದ ಒಂದು ಸೈಕಲಿನಷ್ಟು ದೂರದಲ್ಲಿ ಅವರ ಕಣ್ಣು ನೆಟ್ಟಿತ್ತು.

ಕೂಗಿ ಫಲವಿರಲಿಲ್ಲ. ಕೈ ಹಿಡಿದು ಎಳೆದರೆ ಇಬ್ಬರೂ ಬೀಳುತ್ತಿದ್ದೆವು, ಹಿಂದಿನಿಂದ ಲಾರಿಗಳು ಬರುವ ರಸ್ತೆ. ಉಳಿದದ್ದು ಆ ಜಾಗ ಒಂದೇ. ಅವರು ನೋಡುತ್ತಿದ್ದ ಜಾಗ. ಅಲ್ಲಿಗೆ ಹೋಗಬೇಕು ಎಂದುಕೊಂಡಾಗ ನನ್ನ ಮೈ ಒಪ್ಪಲಿಲ್ಲ. ಯಾರೋ ಕೂತಿರುವ ಕುರ್ಚಿಯ ಮೇಲೆ ಕತ್ತಲಲ್ಲಿ ಕೂಡಲು ಹೋಗುವಂತಿತ್ತು. ಕಣ್ಣು ಅರೆಮುಚ್ಚಿ, ಉಳಿದ ಬಲವನ್ನೆಲ್ಲ ಹಾಕಿ ಮುಂದೆ ಹೋದೆ, ಎಡಕ್ಕೆ ಜರುಗಿ ಅವರ ಎದುರಿಗೆ ಬಂದೆ. ಅಲ್ಲಿ ಗಾಳಿ ಇರಲಿಲ್ಲ. ಮಂಜಿನ ದಿನ ಗಾಳಿ ಬೀಸುವುದಿಲ್ಲ ನಿಜ, ಆದರೆ ಮೂವತ್ತೊಂದರಲ್ಲಿ ಹೋಗುವವರು ತಮ್ಮ ಗಾಳಿಯನ್ನು ತಾವೇ ಎಬ್ಬಿಸುತ್ತಾರೆ. ಅದೂ ಇರಲಿಲ್ಲ. ಹಾಗೆಂದು ನನಗೆ ಅನಿಸಿದ್ದು. ಅಳೆಯಲು ನನ್ನ ಹತ್ತಿರ ಏನೂ ಇರಲಿಲ್ಲ.

ಹಿಂದಿನ ಮಾತು ನಿಂತಿತು.

ಹಿಂದೆ ಬರುವವರಿಗೆ ಗೊತ್ತಾಗದಂತೆ ವೇಗ ಇಳಿಸುವುದು ಮುಂದಿರುವವರ ಕೆಲಸಗಳಲ್ಲಿ ಎಲ್ಲಕ್ಕಿಂತ ಕಷ್ಟದ್ದು. ಬ್ರೇಕ್ ಮುಟ್ಟಬಾರದು, ಪೆಡಲ್ ನಿಲ್ಲಿಸಬಾರದು, ಒಂದೊಂದು ಸುತ್ತಿಗೆ ಒಂದೊಂದು ಎಳೆ ಬಿಡುತ್ತ ಬರಬೇಕು. ಮೂವತ್ತು. ಇಪ್ಪತ್ತೊಂಬತ್ತೂವರೆ.

"ಅಣ್ಣಾ," ಎಂದು ಬೆನ್ನ ಹಿಂದಿನಿಂದ ದನಿ ಬಂತು. "ಯಾಕ ಸುಮ್ಮನಾದಿ?"

ನಾನು ತುಳಿಯುತ್ತಿದ್ದೆ.

"ದಣದೇನು?"

ನನ್ನಲ್ಲಿ ಉಸಿರಿರಲಿಲ್ಲ. ಎದೆಯಿಂದ ಹೊರಬಂದದ್ದು ಒಂದೇ ಸದ್ದು. "ಹೂಂ."

"ಹಂಗಾದ್ರ ಸಾವಕಾಶ ಹೋಗೂಣು," ಎಂದರು ದಾದಾ. "ನನಗೇನ ಗಡಿಬಿಡಿ ಇಲ್ಲ. ನಿನಗ ದಣದ್ರ ನಿಂದ್ರೂಣು."

ಇಪ್ಪತ್ತಾರು, ಇಪ್ಪತ್ತು, ಹದಿನಾಲ್ಕು. ಮುಚ್ಚಿದ್ದ ಒಂದು ಕಬ್ಬಿನಹಾಲಿನ ಅಂಗಡಿಯ ಮುಂದೆ ನಿಂತೆವು. ನಾನು ಸೈಕಲ್ ಬಿಟ್ಟು ತಿರುಗಿದೆ. ಅವರು ನನ್ನನ್ನು ನೋಡಿದರು, ನನ್ನ ಆಚೆ ನೋಡಿದರು, ಮತ್ತೆ ನನ್ನನ್ನು ನೋಡಿದರು. ಆಮೇಲೆ ನೆಲದ ಮೇಲೆ ಕೂತು ಎದೆಯ ಮೇಲೆ ಕೈಯಿಟ್ಟುಕೊಂಡರು.

"ಎದಿ ಬಿಗದಂಗ ಆಗೈತಿ ತಂಗಿ."

ಕಾಕಾ ಬಂದು ಮುಟ್ಟಿದರು. ಅವರೇ ರಸ್ತೆಯ ನಡುವೆ ನಿಂತು, ಎರಡೂ ಕೈ ಎತ್ತಿ, ಹಾಲಿನ ಕ್ಯಾನುಗಳ ಒಂದು ಪಿಕಪ್ ನಿಲ್ಲಿಸಿದರು. ಬಸವಕಲ್ಯಾಣದ ಆಸ್ಪತ್ರೆಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ದೊಡ್ಡ ಊರಿನ ಆಸ್ಪತ್ರೆಗೆ. ಉಳಿದರು. ಹೃದಯ ತಾಳ ತಪ್ಪಿದರೆ ಸರಿಪಡಿಸುವ ಪುಟ್ಟ ಯಂತ್ರವೊಂದನ್ನು ಎದೆಯ ಚರ್ಮದ ಕೆಳಗೆ ಇಟ್ಟರು. ಪಟ್ಟಿ ತೋರಿಸಿದ ಅಂಕಿಯ ಬಗ್ಗೆ ಡಾಕ್ಟರನ್ನು ಕೇಳಿದೆ. ಚಳಿಗೆ ಒಣಚರ್ಮದ ಮೇಲೆ ಪಟ್ಟಿ ಹಿಡಿದಿರಲಿಕ್ಕಿಲ್ಲ, ಇಲ್ಲವೆ ಹೃದಯ ಹೇಗೆ ಹೇಗೋ ಬಡಿಯುತ್ತಿದ್ದುದರಿಂದ ಅದಕ್ಕೆ ಎಣಿಸಲು ಆಗಿರಲಿಕ್ಕಿಲ್ಲ ಎಂದರು. ನಾಲ್ಕು ಕಿಲೋಮೀಟರಿಗೊಮ್ಮೆ ಇಳಿಯುತ್ತಿದ್ದ ಗೆರೆಯನ್ನೂ ತೋರಿಸಿದೆ. ಅದನ್ನು ಅವರು ಬಹಳ ಹೊತ್ತು ನೋಡಿದರು. ಸರಿಯಾದ ಹೊತ್ತಿಗೆ ಯಾರು ನಿಲ್ಲಿಸಿದರು ನಿಮ್ಮನ್ನು ಎಂದು ದಾದಾನನ್ನು ಕೇಳಿದರು.

"ನಮ್ಮ ಅಣ್ಣಗ ದಣದಿತ್ರಿ," ಎಂದರು ದಾದಾ. "ಅದಕ್ಕ ನಿಂತೆ."

ಒಳ್ಳೆಯ ಅಣ್ಣ ಎಂದು ಡಾಕ್ಟರು ಮುಂದಿನ ಮಂಚಕ್ಕೆ ಹೋದರು. ವೈನಿ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದರು.

ನನಗೆ ಆಗಿನಿಂದ ಒಂದೇ ಚಿಂತೆ. ಆ ಹೂಂ ನನ್ನದು ಎಂದು ಹೇಳಿದರೆ ಅವರ ಅಣ್ಣನನ್ನು ಅವರಿಂದ ಇನ್ನೊಮ್ಮೆ ಕಸಿದಂತೆ. ಹೇಳದಿದ್ದರೆ, ಗುಣವಾದ ಮೇಲೆ ಅವರು ಮತ್ತೆ ಆ ಬೆನ್ನನ್ನು ಹಿಡಿದು ಹೊರಡುತ್ತಾರೆ. ಮುಂದಿನ ಸಲ ನಾನು ಮುಟ್ಟುವುದರೊಳಗೆ ಏನಾದರೂ ಆಗಬಹುದು. ಐದು ತಿಂಗಳು ಹೇಳಲಿಲ್ಲ.

ಜೂನ್ ತಿಂಗಳಲ್ಲಿ ಡಾಕ್ಟರು ಹಗುರವಾಗಿ ಸೈಕಲ್ ಹೊಡೆಯಲು ಒಪ್ಪಿದರು. ಜೊತೆಗೆ ಯಾರಾದರೂ ಇರಬೇಕು, ಹದಿನೆಂಟು ದಾಟಬಾರದು. ಹುಡಗಿಯ ತಿರುವಿನವರೆಗೆ ಹೋಗಿ ಬರೋಣವೆಂದು ಮೂವರೂ ಹೊರಟೆವು. ಊರ ಹೊರಗೆ ನಿಂತು ಕಾಕಾ ಗಾಲಿಗೆ ಗಾಳಿ ಹೊಡೆಯುತ್ತಿದ್ದರು. ಇನ್ನು ಹೇಳದಿದ್ದರೆ ಆಗುವುದಿಲ್ಲ ಎಂದು ಹೇಳಿಬಿಟ್ಟೆ.

"ದಾದಾ, ಅವತ್ತ ಹೂಂ ಅಂದಾಕಿ ನಾನ್ರಿ. ಸರ್ ಅಲ್ಲ."

ಅವರು ಹೆಲ್ಮೆಟ್ಟಿನ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಕಟ್ಟಿ ಮುಗಿಸಿದರು.

"ಗೊತ್ತೈತಿ. ನಿನ್ನ ದನಿ ನನಗ ಗುರ್ತ ಆಗಾಂಗಿಲ್ಲೇನು. ನೀ ಆಮ್ಯಾಲೆ ಅಂದಿ."

"ಆಮ್ಯಾಲೆ ಅಂದ್ರ?"

"ಅಂವಾ ಮೊದಲ ಅಂದಿದ್ದ. ನೀ ಬರೂಕಿಂತ ಮೊದಲ. ನಾನ ಕೇಳಿಸಿಕೊಳ್ಳಲಿಲ್ಲ, ನನ್ನ ಮಾತ ಹೇಳಕೋತ ಕುಂತಿದ್ದೆ. ಅಂವಗ ಬಾಳ ದಣದೈತಿ." ಹ್ಯಾಂಡಲಿನ ಮೇಲೆ ಕೈಯಿಟ್ಟು ರಸ್ತೆಯ ಕಡೆ ನೋಡಿದರು. "ಒಂದೂವರಿ ವರ್ಷ ಮುಂದ ಹಾಕ್ಕೊಂಡ ಅಡ್ಡಾಡಿಸೀನಿ ಅವನ್ನ. ಸಾಕು. ಇವತ್ತಿಂದ ಅಂವಗ ಪಾಳಿ ಬ್ಯಾಡ."

ಕಾಕಾನ ಪಂಪಿನ ಸದ್ದು ನಿಂತಿತ್ತು. "ಹಂಗಾದ್ರ ಮೂರ ಪಾಳಿ?" ಎಂದು ಕೇಳಿದರು.

"ಮೂರ ಪಾಳಿರಿ. ನನ್ನ ಪಾಳಿನೂ ತಂಗಿ ಹಿಡೀಲಿ ಸದ್ಯಕ್ಕ."

ಕಾಕಾ ಮುಂದೆ ಹೊರಟರು, ಅವರ ಹಿಂದೆ ನಾನು, ನನ್ನ ಹಿಂದೆ ದಾದಾ. ಪಡುವಣ ಗಾಳಿ ಎದುರಿಗಿತ್ತು. ಹದಿನೇಳರಲ್ಲಿ ಹೋಗುತ್ತಿದ್ದೆವು. ಸ್ವಲ್ಪ ದೂರ ಹೋದ ಮೇಲೆ ಹಿಂದೆ ತಿರುಗಿ ನೋಡಿದೆ. ದಾದಾ ಒಂದು ಸೈಕಲಿನಷ್ಟು ಜಾಗ ಬಿಟ್ಟೇ ಬರುತ್ತಿದ್ದರು, ಗಾಳಿ ಅವರ ಅಂಗಿಯನ್ನು ಬಡಿಯುತ್ತಿತ್ತು.

"ಹತ್ರ ಬರ್ರಿ ದಾದಾ."

"ರೂಢಿ ತಪ್ಪೈತಿ. ಗಾಲಿಗೆ ಗಾಲಿ ತಾಗೀತು ಅಂತ ಅಂಜಿಕಿ ಬರ್ತದ."

"ತಾಗಂಗಿಲ್ಲ. ನಾ ಸೀದಾ ಹೊಂಟೀನಿ. ಬರ್ರಿ."

ಅವರ ಸೈಕಲ್ ಒಂದು ಮೊಳ ಮುಂದೆ ಬಂತು, ತಡೆಯಿತು, ಮತ್ತೆ ಒಂದು ಮೊಳ ಬಂತು.